ಆಲ್ಫಾ 0.9 ಬಂದರೆ ಸಾಲದು

ಮಂಡಿನೋವಿನ ಪ್ರಶ್ನಾವಳಿಯನ್ನು ಕನ್ನಡಕ್ಕೆ ತಂದು, ಕ್ರಾನ್‌ಬಾಕ್ ಆಲ್ಫಾ (ಪ್ರಶ್ನೆಗಳ ಉತ್ತರಗಳು ಒಂದಕ್ಕೊಂದು ಎಷ್ಟು ಹೊಂದುತ್ತವೆ ಅನ್ನುವ ಅಳತೆ) 0.9 ಬಂದರೆ ಅದು ಬಳಕೆಗೆ ಸಿದ್ಧ ಅಂತ ಲೇಖನದಲ್ಲಿ ಬರೆದಿದ್ದೀರಿ. ನಾನು ಒಪ್ಪುವುದಿಲ್ಲ ಸರ್. ಪ್ರಶ್ನೆಗಳ ನಡುವಿನ ಸರಾಸರಿ ಕೋರಿಲೇಶನ್, ಅಂದರೆ ಎರಡು ಪ್ರಶ್ನೆಗಳ ಉತ್ತರದ ನಂಟು, ಬರೀ 0.3 ಇದ್ದರೂ 10 ಪ್ರಶ್ನೆಗೆ ಆಲ್ಫಾ 0.81 ಆಗುತ್ತೆ. ಅಂಥವೇ 20 ಹಾಕಿದರೆ 0.9 ಹತ್ತಿರ. ಪ್ರಶ್ನೆ ಜಾಸ್ತಿ ಆದವು ಅಷ್ಟೇ, ಒಳ್ಳೆಯವಾಗಲಿಲ್ಲ ಅಲ್ವಾ?

ರಾಯಚೂರು ಕಡೆಯ ಹಳ್ಳಿಗಳಲ್ಲಿ ಇಂಥ ಹಾಳೆ ಹಿಡಿದು ಮನೆ ಮನೆ ತಿರುಗಿದ್ದೇನೆ. 'ಮೆಟ್ಟಿಲು ಹತ್ತುವಾಗ ನೋವಾಗುತ್ತಾ?' ಅಂತ ಕೇಳಿದೆ. ಅಂಗಳದಲ್ಲಿ ಮೆಣಸಿನಕಾಯಿ ತೊಟ್ಟು ಮುರಿಯುತ್ತಿದ್ದ ಅಜ್ಜಿ, 'ನಮ್ಮನ್ಯಾಗ ಮೆಟ್ಟಿಲು ಎಲ್ಲಿ ಅದಾವಪ್ಪ?' ಅಂದರು. ಹಾಳೆಯಲ್ಲಿ ಸೊನ್ನೆ ಬಿತ್ತು, ಅಂದರೆ ನೋವೇ ಇಲ್ಲ. ಅದೇ ಅಜ್ಜಿ ಎದ್ದು ನಿಲ್ಲಲು ಎರಡೂ ಕೈಯಲ್ಲಿ ಗೋಡೆ ಹಿಡಿದರು. ಅದಕ್ಕೆ ಹಾಳೆಯಲ್ಲಿ ಜಾಗವೇ ಇರಲಿಲ್ಲ. ಆಲ್ಫಾ ಇದನ್ನು ತೋರಿಸುವುದಿಲ್ಲ.

ನೋವು ಅಷ್ಟೇ ಇದ್ದರೂ ಹಳ್ಳಿಯವರು, ಪೇಟೆಯವರು ಒಂದೇ ಪ್ರಶ್ನೆಗೆ ಬೇರೆ ಬೇರೆ ಉತ್ತರ ಕೊಡುತ್ತಾರಾ ಅಂತ ನೋಡುವ ವಿಧಾನ ಇದೆ. ಡಿಫರೆನ್ಷಿಯಲ್ ಐಟಂ ಫಂಕ್ಷನಿಂಗ್ ಅಂತಾರೆ. ರಾಶ್ ಮಾದರಿ, ಲಾಜಿಸ್ಟಿಕ್ ರಿಗ್ರೆಶನ್ ಅನ್ನುವ ಸಂಖ್ಯಾಶಾಸ್ತ್ರದ ಲೆಕ್ಕಗಳಿವೆ, ಯಾವುದರಲ್ಲಾದರೂ ಮಾಡಬಹುದು. ಅದಕ್ಕೂ ಮೊದಲು ಹತ್ತು ಜನರ ಎದುರು ಕೂತು, ಈ ಪ್ರಶ್ನೆ ನಿಮಗೆ ಹೇಗೆ ಅರ್ಥವಾಯಿತು ಅಂತ ಕೇಳಿ. ಹತ್ತಿ ಬಿಡಿಸುವಾಗ, ಭತ್ತ ನಾಟಿ ಮಾಡುವಾಗ ಮಂಡಿ ಹೇಗಿರುತ್ತೆ ಅಂದರೆ ನಮ್ಮ ಹೆಂಗಸರು ತಾವೇ ಹೇಳುತ್ತಾರೆ.