ಪ್ರೆಸ್ ಎಲ್ಲಿಗೆ ಹೋಗುತ್ತದೆ ಅನ್ನೋದನ್ನ ಮೊದಲು ಬರೆಯಿರಿ

ಪುಸ್ತಕ ಕಲೆ ಕಲಿಸುವವರ ಸಂಘಗಳು ಮೂರು ವರ್ಷಕ್ಕೋ ಐದು ವರ್ಷಕ್ಕೋ ಒಮ್ಮೆ ಕೂತು ಮುಂದಿನ ಯೋಜನೆ ಬರೆಯುತ್ತವೆ. ಸಿಕ್ಕಾಗಲೆಲ್ಲ ಅವನ್ನು ಓದುತ್ತೇನೆ. ಸದಸ್ಯರು ಜಾಸ್ತಿಯಾಗಬೇಕು, ಸಮ್ಮೇಳನ ದೊಡ್ಡದಾಗಬೇಕು, ವೆಬ್‌ಸೈಟ್ ಹೊಸದಾಗಬೇಕು, ಹೊಸ ಊರುಗಳಿಗೆ ಹೋಗಬೇಕು ಅಂತ ಇರುತ್ತದೆ. ಇದರಲ್ಲಿ ಯಾವುದೂ ತಪ್ಪಲ್ಲ. ಆದರೆ ಒಂದು ಕಾಲೇಜು ದಿಢೀರನೆ ಬಾಗಿಲು ಹಾಕಿದರೆ ಅಲ್ಲಿನ ಪ್ರೆಸ್, ಅಚ್ಚುಮೊಳೆ, ಪಾಠ ಮಾಡುತ್ತಿದ್ದ ಮೇಷ್ಟ್ರು ಎಲ್ಲಿಗೆ ಹೋಗಬೇಕು? ಇದಕ್ಕೆ ಉತ್ತರ ಬರೆದಿಟ್ಟ ಯೋಜನೆ ನನ್ನ ಕಣ್ಣಿಗೆ ಇನ್ನೂ ಬಿದ್ದಿಲ್ಲ. ನನ್ನ ಪ್ರಕಾರ ಮೊದಲ ಪುಟದಲ್ಲಿ ಬರಬೇಕಾದದ್ದು ಇದೇ.

ಪುಸ್ತಕ ಕಲೆ ಅಂದರೆ ಏನು ಅಂತ ಕೇಳುವವರಿಗೆ ಎರಡು ಮಾತು. ಮೊಳೆ ಜೋಡಿಸಿ ಅಚ್ಚು ಹಾಕುವುದು, ಕೈಯಲ್ಲೇ ಕಾಗದ ಮಾಡುವುದು, ಹಾಳೆ ಮಡಿಸಿ ಹೊಲಿದು ರಟ್ಟು ಕಟ್ಟುವುದು, ಮತ್ತೆ ಇಡೀ ಪುಸ್ತಕವನ್ನೇ ಒಂದು ಕಲಾಕೃತಿಯಾಗಿ ಮಾಡುವುದು, ಎಲ್ಲವೂ ಇದರಲ್ಲಿ ಸೇರುತ್ತದೆ. ಅಮೆರಿಕದಲ್ಲಿ ಇದನ್ನು ಎಷ್ಟೋ ಕಾಲೇಜುಗಳಲ್ಲಿ ಪದವಿ ಮಟ್ಟದಲ್ಲಿ ಕಲಿಸುತ್ತಾರೆ. ಅಯೋವಾ, ಅಲಬಾಮಾ ವಿಶ್ವವಿದ್ಯಾಲಯಗಳಲ್ಲಿ ಇದಕ್ಕೇ ಅಂತ ಸ್ನಾತಕೋತ್ತರ ಕೋರ್ಸ್ ಇದೆ.

ಈಗ ಈಚಿನ ವರ್ಷಗಳನ್ನು ನೋಡಿ. 1907ರಲ್ಲಿ ಶುರುವಾಗಿದ್ದ, ಪುಸ್ತಕ ಕಲೆಯನ್ನೂ ಕಲಿಸುತ್ತಿದ್ದ ಒರೆಗಾನ್ ಕಾಲೇಜ್ ಆಫ್ ಆರ್ಟ್ ಆ್ಯಂಡ್ ಕ್ರಾಫ್ಟ್ 2019ರಲ್ಲಿ ಮುಚ್ಚಿತು. ಪುಸ್ತಕ ಕಲೆಗೆ ಹೆಸರಾಗಿದ್ದ ಮಿಲ್ಸ್ ಕಾಲೇಜು 2022ರಲ್ಲಿ ನಾರ್ತ್‌ಈಸ್ಟರ್ನ್ ವಿಶ್ವವಿದ್ಯಾಲಯದ ಜೊತೆ ಸೇರಿಹೋಯಿತು. ಫಿಲಡೆಲ್ಫಿಯಾದ ಯೂನಿವರ್ಸಿಟಿ ಆಫ್ ದಿ ಆರ್ಟ್ಸ್ ಕಥೆ ಇನ್ನೂ ಸಂಕಟದ್ದು. 2024ರ ಮೇ 31ಕ್ಕೆ ಮುಚ್ಚುವ ಸುದ್ದಿ ಹೊರಬಿತ್ತು, ಜೂನ್ 7ಕ್ಕೆ ಬಾಗಿಲು ಹಾಕಿದರು. ಒಂದೇ ವಾರ! ಪುಸ್ತಕ ಕಲೆ ಮತ್ತು ಪ್ರಿಂಟ್‌ಮೇಕಿಂಗ್‌ಗೆ ಹೆಸರು ಮಾಡಿದ್ದ ಶಾಲೆ ಅದು.

ಒಂದು ವಾರದಲ್ಲಿ ಯಾವ ಕಮಿಟಿ ಸಭೆ ಸೇರಿ, ಚರ್ಚೆ ಮಾಡಿ, ಠರಾವು ಪಾಸು ಮಾಡುತ್ತದೆ? ಆಗೋದಿಲ್ಲ. ಅದಕ್ಕೇ ಹೇಳುತ್ತಿರುವುದು, ಈ ಕೆಲಸ ಮೊದಲೇ ಆಗಿರಬೇಕು.

ಯಂತ್ರಗಳ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಅಮೆರಿಕದ ಪುಸ್ತಕ ಕಲೆ ಸ್ಟುಡಿಯೋಗಳಲ್ಲಿ ಸಾಮಾನ್ಯವಾಗಿ ಕಾಣುವ ಪ್ರೆಸ್ ವ್ಯಾಂಡರ್‌ಕುಕ್. ಕಂಪನಿ ಶುರುವಾಗಿದ್ದು 1909ರಲ್ಲಿ, ಶಿಕಾಗೋದಲ್ಲಿ. ಇವು ಪುಸ್ತಕ ಮುದ್ರಿಸಲಿಕ್ಕೆ ಮಾಡಿದ ಯಂತ್ರಗಳೇ ಅಲ್ಲ. ದೊಡ್ಡ ಮುದ್ರಣಕ್ಕೆ ಕಳಿಸುವ ಮೊದಲು ಕರಡು ತೆಗೆದು ನೋಡಲಿಕ್ಕೆ ಇದ್ದವು. ಮೊಳೆಯೇ ಬೇಡದ ಆಫ್‌ಸೆಟ್ ಮುದ್ರಣ ಬಂದ ಮೇಲೆ ಮುದ್ರಣಾಲಯಗಳಿಗೆ ಇವು ಬೇಡವಾದವು, ಕಲಾವಿದರೂ ಕಾಲೇಜುಗಳೂ ಮನೆ ತುಂಬಿಸಿಕೊಂಡರು. ಹೊಸದು ಈಗ ತಯಾರಾಗುವುದಿಲ್ಲ. ಇರುವುದನ್ನೇ ಎಣ್ಣೆ ಬಿಟ್ಟು, ರೋಲರ್‌ಗೆ ಹೊಸ ರಬ್ಬರ್ ಹಾಕಿಸಿ ಬಳಸಬೇಕು. ಹೀಗಿರುವಾಗ ಒಂದು ಪ್ರೆಸ್ ಗುಜರಿಗೆ ಹೋದರೆ ಅಷ್ಟು ವಿದ್ಯಾರ್ಥಿಗಳಿಗೆ ಕಲಿಯುವ ಜಾಗವೇ ಹೋದಂತೆ. ಅಚ್ಚುಮೊಳೆಯದೂ ಇದೇ ಪಾಡು. ಕೇಸ್ ಅನ್ನುವ ಖಾನೆ ಖಾನೆಯ ತಟ್ಟೆಯಲ್ಲಿ ಅಕ್ಷರ ಅಕ್ಷರವಾಗಿ ಜೋಡಿಸಿಟ್ಟ ಒಂದು ಫಾಂಟನ್ನು ಅವಸರದಲ್ಲಿ ಡಬ್ಬಿಗೆ ಸುರಿದರೆ ಅದನ್ನು ಮತ್ತೆ ವಿಂಗಡಿಸುವವರು ಯಾರು? ಕೊನೆಗೆ ಸೀಸದ ತೂಕಕ್ಕೆ ಹೋಗುತ್ತದೆ.

ಯಂತ್ರಕ್ಕಿಂತ ನನಗೆ ಹೆಚ್ಚು ಚಿಂತೆ ಕಲಿಸುವವರದ್ದು. ಅವರಲ್ಲಿ ಎಷ್ಟೋ ಜನ ಗುತ್ತಿಗೆ ಮೇಲೆ ಸೆಮಿಸ್ಟರ್ ಲೆಕ್ಕದಲ್ಲಿ ಪಾಠ ಮಾಡುವವರು. ಅವರ ಹತ್ತಿರ ಇರುವ ವಿದ್ಯೆ ಎಂಥದ್ದು ಅನ್ನೋದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಯಂತ್ರದಲ್ಲಿ ಮಾಡಿದ ಕಾಗದಕ್ಕೆ ನಾರಿನ ದಿಕ್ಕು ಅಂತ ಇರುತ್ತದೆ, ಅಂದರೆ ನಾರುಗಳು ಹೆಚ್ಚಾಗಿ ಒಂದೇ ಕಡೆಗೆ ಮಲಗಿರುತ್ತವೆ. ಬೈಂಡಿಂಗ್ ಕಲಿಸುವವರು ಮೊದಲ ಕ್ಲಾಸಿನಲ್ಲೇ ಒಂದು ಚೂರು ಕಾಗದದ ಒಂದು ಮಗ್ಗುಲು ಒದ್ದೆ ಮಾಡಿ ತೋರಿಸುತ್ತಾರೆ. ನಾರು ನೀರು ಕುಡಿದು ಅಗಲಕ್ಕೆ ಊದಿಕೊಳ್ಳುತ್ತದೆ, ಉದ್ದಕ್ಕೆ ಅಷ್ಟಾಗಿ ಬೆಳೆಯುವುದಿಲ್ಲ. ಹಾಗಾಗಿ ಕಾಗದ ತಾನೇ ಸುರುಳಿ ಸುತ್ತುತ್ತದೆ. ಆ ಸುರುಳಿ ಉದ್ದಕ್ಕೆ ಯಾವ ಕಡೆ ಮಲಗಿದೆಯೋ ನಾರು ಓಡುವುದು ಆ ಕಡೆಗೇ. ನಾರು ಪುಸ್ತಕದ ಬೆನ್ನಿಗೆ ಸಮಾನಾಂತರವಾಗಿ ಓಡಬೇಕು. ಅಡ್ಡ ಬಂದರೆ ಮಡಿಕೆ ಬಿರಿಯುತ್ತದೆ, ಅಂಟು ಹಚ್ಚಿದ ರಟ್ಟು ಡೊಂಕಾಗುತ್ತದೆ, ಪುಟ ಸಲೀಸಾಗಿ ತೆರೆಯುವುದಿಲ್ಲ. ಓದಿದರೆ ಎರಡು ನಿಮಿಷದಲ್ಲಿ ಅರ್ಥವಾಗುತ್ತದೆ. ಆದರೆ ಹಾಳೆಯನ್ನು ಮೆಲ್ಲಗೆ ಬಾಗಿಸಿ, ಯಾವ ಕಡೆ ಕಡಿಮೆ ಬಿಗಿ ಅಂತ ಬೆರಳಲ್ಲೇ ಹೇಳುವುದಕ್ಕೆ ತಿಂಗಳುಗಟ್ಟಲೆ ಅಭ್ಯಾಸ ಬೇಕು. ಪಕ್ಕದಲ್ಲಿ ನಿಂತು "ಇನ್ನೊಂದ್ಸಲ ಬಾಗಿಸಿ ನೋಡು" ಅನ್ನುವವರೂ ಬೇಕು. ವಿಡಿಯೋ ಆ ಕೆಲಸ ಮಾಡುವುದಿಲ್ಲ.

ಕಾಲೇಜು ಇಲ್ಲದಿದ್ದರೇನು, ಸ್ವತಂತ್ರ ಕೇಂದ್ರಗಳಿವೆಯಲ್ಲ ಅಂತ ಕೆಲವರು ಹೇಳುತ್ತಾರೆ. ಇವೆ, ಚೆನ್ನಾಗಿಯೂ ಇವೆ. ನ್ಯೂಯಾರ್ಕಿನ ಸೆಂಟರ್ ಫಾರ್ ಬುಕ್ ಆರ್ಟ್ಸ್ 1974ರಿಂದ ನಡೆಯುತ್ತಿದೆ. ಮಿನೆಸೋಟಾದ್ದು ಎಂಬತ್ತರ ದಶಕದ್ದು, ಸ್ಯಾನ್ ಫ್ರಾನ್ಸಿಸ್ಕೋದ್ದು ತೊಂಬತ್ತರ ದಶಕದ್ದು. ಇವುಗಳ ಬಗ್ಗೆ ನನಗೆ ತುಂಬಾ ಗೌರವವಿದೆ. ಆದರೆ ವಾರಾಂತ್ಯದ ಶಿಬಿರಕ್ಕೆ ಬರುವವರು ಬಿಡುವೂ ದುಡ್ಡೂ ಇರುವವರು. ಕಾಲೇಜಿನಲ್ಲಿ ಹತ್ತೊಂಬತ್ತರ ಹುಡುಗಿಯೊಬ್ಬಳು ಬೇರೇನೋ ಓದಲಿಕ್ಕೆ ಬಂದು, ಸುಮ್ನೆ ಒಂದು ಐಚ್ಛಿಕ ವಿಷಯ ಅಂತ ಆರಿಸಿಕೊಂಡು, ಇಡೀ ಸೆಮಿಸ್ಟರ್ ಮೊಳೆ ಜೋಡಿಸುತ್ತಾಳೆ. ಮುಂದೆ ಕಲಿಸುವವರು ಹುಟ್ಟುವುದು ಹೆಚ್ಚಾಗಿ ಹೀಗೆ. ಹಾಗಾಗಿ ಕೇಂದ್ರಗಳು ಕಾಲೇಜಿನ ಜಾಗ ತುಂಬಲಾರವು. ಕಾಲೇಜು ಮುಚ್ಚಿದಾಗ ಆಸರೆಯಾಗಬಲ್ಲವು. ಆ ಒಪ್ಪಂದ ಮಾಡಿಸುವ ಕೆಲಸ ಸಂಘದ್ದು.

ಯೋಜನೆಯಲ್ಲಿ ಏನಿರಬೇಕು ಅಂದರೆ, ಮೊದಲಿಗೆ ಒಂದು ಪಟ್ಟಿ. ಯಾವ ಕಾಲೇಜಿನಲ್ಲಿ ಯಾವ ಪ್ರೆಸ್ ಇದೆ, ಯಾವ ಸ್ಥಿತಿಯಲ್ಲಿದೆ, ಕಾಗದಪತ್ರದ ಪ್ರಕಾರ ಯಾರಿಗೆ ಸೇರಿದ್ದು, ದಾನವಾಗಿ ಬಂದಿದ್ದರೆ ಷರತ್ತು ಏನಿತ್ತು. ಈ ಕೊನೆಯದು ಬಹಳ ಮುಖ್ಯ. ಕಾಲೇಜು ದಿವಾಳಿಯಾದರೆ ಅದರ ಸಾಮಾನೆಲ್ಲ ಸಾಲ ಕೊಟ್ಟವರ ಲೆಕ್ಕಕ್ಕೆ ಹೋಗುತ್ತದೆ. ಆಗ ಹೋಗಿ ಅಂಗಲಾಚಿದರೆ ಯಾರೂ ಕೇಳುವುದಿಲ್ಲ. ಸ್ಟುಡಿಯೋ ಚೆನ್ನಾಗಿ ನಡೆಯುತ್ತಿರುವಾಗಲೇ, ವಿಭಾಗ ಮುಚ್ಚುವ ಸಂದರ್ಭ ಬಂದರೆ ಮೊದಲು ನಮಗೆ ತಿಳಿಸಿ ಅಂತ ಬರವಣಿಗೆಯಲ್ಲಿ ಒಪ್ಪಿಸಿಕೊಳ್ಳಬೇಕು. ಸಾಗಾಟಕ್ಕೆ, ಗೋದಾಮಿನ ಬಾಡಿಗೆಗೆ ಒಂದಿಷ್ಟು ದುಡ್ಡು ಎತ್ತಿಟ್ಟಿರಬೇಕು. ಕೆಲಸ ಕಳೆದುಕೊಂಡ ಮೇಷ್ಟ್ರಿಗೆ ಒಂದು ವರ್ಷ ಸದಸ್ಯತ್ವ ಶುಲ್ಕ ಬೇಡ, ಸಮ್ಮೇಳನಕ್ಕೆ ಬರಲು ಖರ್ಚು ಕೊಡಿ. ಅವರು ಈ ಕ್ಷೇತ್ರ ಬಿಟ್ಟು ಹೋಗದಂತೆ ನೋಡಿಕೊಳ್ಳುವುದಕ್ಕಿಂತ ಒಳ್ಳೆಯ ಖರ್ಚು ಇನ್ನೇನಿದೆ?

ದುಡ್ಡು ಎಲ್ಲಿಂದ ಅನ್ನುವುದು ನ್ಯಾಯವಾದ ಪ್ರಶ್ನೆ. ದಾನಿಗಳಿಗೆ ಹೊಸ ಕಟ್ಟಡ, ಹೊಸ ಪ್ರಶಸ್ತಿ ಇಷ್ಟ. ಗೋದಾಮಿನ ಬಾಡಿಗೆಗೆ ಅಷ್ಟು ಸುಲಭವಾಗಿ ಕೊಡುವುದಿಲ್ಲ. ಅದಕ್ಕೆ ಏನನ್ನಾದರೂ ಬಿಡಲೇಬೇಕು. ಇಂಥ ಸಂಘಗಳ ಕಮಿಟಿಯಲ್ಲಿ ಇರುವವರು ಸಂಬಳವಿಲ್ಲದೆ, ತಮ್ಮ ಪಾಠದ ನಡುವೆ ಬಿಡುವು ಮಾಡಿಕೊಂಡು ದುಡಿಯುತ್ತಾರೆ. ಅವರ ಮೇಲೆ ಹದಿನೈದು ಗುರಿ ಹೇರಿದರೆ ಒಂದೂ ಮುಗಿಯುವುದಿಲ್ಲ. ಮೂರು ಇಟ್ಟುಕೊಳ್ಳಿ. ನನ್ನನ್ನು ಕೇಳಿದರೆ ಒಂದು ಸಲ ಸಮ್ಮೇಳನವನ್ನು ಚಿಕ್ಕದು ಮಾಡಿದರೂ ಪರವಾಗಿಲ್ಲ. ಇದಕ್ಕೆ ವಿರೋಧ ಬರುತ್ತದೆ, ಗೊತ್ತು. ವರ್ಷವಿಡೀ ಒಬ್ಬೊಬ್ಬರೇ ಕಲಿಸುವ ಮೇಷ್ಟ್ರುಗಳಿಗೆ ಅದೊಂದೇ ಜೊತೆಯಾಗುವ ಜಾಗ, ಅದನ್ನು ನಾನೂ ಒಪ್ಪುತ್ತೇನೆ. ನಿಲ್ಲಿಸಿ ಅನ್ನುತ್ತಿಲ್ಲ, ಒಂದು ದಿನ ಕಡಿಮೆ ಮಾಡಿ ಅನ್ನುತ್ತಿದ್ದೇನೆ.

ಲೆಕ್ಕ ಇಡುವ ರೀತಿಯೂ ಬದಲಾಗಬೇಕು. ಸದಸ್ಯರು ಎಷ್ಟು ಅನ್ನುವುದರ ಪಕ್ಕದಲ್ಲೇ, ಇಡೀ ಸೆಮಿಸ್ಟರ್ ಮೊಳೆ ಜೋಡಿಸಲು ಕಲಿಸುವ ಜಾಗ ಎಷ್ಟಿವೆ, ಪ್ರೆಸ್ ರಿಪೇರಿ ಬಲ್ಲವರು ಎಷ್ಟು ಜನ ಇದ್ದಾರೆ, ಅವರ ಕೈಕೆಳಗೆ ಕಲಿಯುತ್ತಿರುವವರು ಯಾರು ಅಂತ ವರ್ಷಕ್ಕೊಮ್ಮೆ ಬರೆದಿಡಿ.

ನೀವು ಇಂಥ ಯಾವುದೇ ಸಂಘದ ಕಮಿಟಿಯಲ್ಲಿದ್ದರೆ, ಮುಂದಿನ ಸಭೆಯ ಅಜೆಂಡಾದಲ್ಲಿ ಯಂತ್ರಗಳ ಪಟ್ಟಿಯ ವಿಷಯವೊಂದನ್ನು ಸೇರಿಸಿ. ಎರಡು ಕಾಲೇಜಿನ ಪಟ್ಟಿ ಸಿಕ್ಕರೂ ಶುರು ಮಾಡಬಹುದು. ಉಳಿದವರಿಗೆ ಅದನ್ನೇ ಮಾದರಿಯಾಗಿ ಕಳಿಸಿ.