ಸೂಜಿ, ಕಷಾಯ, ಎರಡು ಲೋಟ ಕಾಫಿ

ಐವಿಎಫ್ (ದೇಹದ ಹೊರಗೆ ಭ್ರೂಣ ಬೆಳೆಸಿ ಗರ್ಭಕೋಶಕ್ಕೆ ವರ್ಗಾಯಿಸುವ ಚಿಕಿತ್ಸೆ) ಮಾಡಿಸಿಕೊಳ್ಳುತ್ತಿರುವ ಹೆಣ್ಣುಮಕ್ಕಳು ಮೊಬೈಲ್ ತೆರೆದರೆ ಸಾಕು, ಅಕ್ಯುಪಂಕ್ಚರ್ ಅನ್ನುವ ಚೀನೀ ಸೂಜಿ ಚಿಕಿತ್ಸೆ ಮಾಡಿಸಿ, ಚೀನೀ ಗಿಡಮೂಲಿಕೆ ತಗೊಳ್ಳಿ, ಮನಸ್ಸು ಹಗುರ ಇಟ್ಕೊಳ್ಳಿ ಅನ್ನುವ ಸಲಹೆಗಳ ಸುರಿಮಳೆ. ನನ್ನ ಚಿಕ್ಕಮ್ಮನ ಮಗಳು ಕೊಡಗಿನ ಗೋಣಿಕೊಪ್ಪದಿಂದ ಮೈಸೂರಿಗೆ ಓಡಾಡಿಕೊಂಡು ಚಿಕಿತ್ಸೆ ತಗೊಳ್ಳುವಾಗ ಜೊತೆಗಿದ್ದವಳು ನಾನು. ಸೂಜಿ ಚುಚ್ಚಿಸಿಕೊಳ್ಳಬೇಕು ಅನ್ನಿಸಿದರೆ ಚುಚ್ಚಿಸಿಕೊಳ್ಳಿ. ಅದರಿಂದಲೇ ಗರ್ಭ ನಿಲ್ಲುತ್ತದೆ ಅಂತ ಯಾರಾದರೂ ಪ್ಯಾಕೇಜ್ ಮಾರಲು ಬಂದರೆ ಮಾತ್ರ ಎದ್ದು ಬನ್ನಿ.

ಈ ಆಸೆ ಸುಮ್ಮನೆ ಹುಟ್ಟಿದ್ದಲ್ಲ. 2002ರಲ್ಲಿ ಜರ್ಮನಿಯಲ್ಲಿ 160 ಮಹಿಳೆಯರ ಮೇಲೆ ನಡೆದ ಅಧ್ಯಯನದಲ್ಲಿ, ಭ್ರೂಣ ವರ್ಗಾವಣೆಯ ಹಿಂದೆ ಮುಂದೆ ಸೂಜಿ ಚುಚ್ಚಿಸಿಕೊಂಡವರಲ್ಲಿ ಶೇ 42.5 ಮಂದಿಗೆ ಗರ್ಭ ನಿಂತಿತು, ಚುಚ್ಚಿಸಿಕೊಳ್ಳದವರಲ್ಲಿ ಶೇ 26.3. ಯಾರಿಗೆ ಆಸೆ ಆಗಲ್ಲ ಹೇಳಿ? ಆದರೆ 2018ರಲ್ಲಿ ಆಸ್ಟ್ರೇಲಿಯಾ, ನ್ಯೂಜಿಲೆಂಡ್‌ನ 848 ಮಹಿಳೆಯರ ಮೇಲಿನ ದೊಡ್ಡ ಅಧ್ಯಯನ ಬಂತು. ಅದರಲ್ಲಿ ಕೆಲವರಿಗೆ ನಿಜವಾದ ಸೂಜಿ, ಉಳಿದವರಿಗೆ ಚರ್ಮದೊಳಗೆ ಇಳಿಯದ ತೋರಿಕೆಯ ಸೂಜಿ. ಮಗು ಹುಟ್ಟಿದ್ದು ಶೇ 18.3 ಮತ್ತು ಶೇ 17.8. ವ್ಯತ್ಯಾಸ ಇಲ್ಲ ಅಂತಲೇ ಲೆಕ್ಕ.

ಆದರೂ ನನ್ನ ತಂಗಿ ಹೋಗುತ್ತಿದ್ದಳು. "ಆ ಅರ್ಧ ಗಂಟೆ ಯಾರೂ ಏನಾಯ್ತು ಅಂತ ಕೇಳಲ್ಲ ಅಕ್ಕಾ" ಅನ್ನುತ್ತಿದ್ದಳು. ಫೋನ್ ಹೊರಗೆ ನನ್ನ ಕೈಯಲ್ಲಿ, ಒಳಗೆ ಇವಳು ಕಾಲಿಗೆ, ಹೊಟ್ಟೆಗೆ ಕೂದಲಿನಷ್ಟು ತೆಳು ಸೂಜಿ ಚುಚ್ಚಿಸಿಕೊಂಡು ನಿದ್ದೆ. ಆ ದುಡ್ಡು ದಂಡ ಅಂತ ನಾನು ಹೇಳಲಾರೆ.

ಚೀನೀ ವೈದ್ಯದಲ್ಲಿ ಗರ್ಭಕೋಶಕ್ಕೆ ಶೀತ ಸೇರಿದೆ, ಬೆಚ್ಚಗಿಡಬೇಕು ಅನ್ನುವ ಮಾತಿದೆ. ನಮ್ಮ ಅಜ್ಜಿಯಂದಿರು ಉಷ್ಣ ಆಗುತ್ತೆ ಅಂತ ಪಪ್ಪಾಯಿ ಮುಟ್ಟಲು ಬಿಡಲ್ಲ. ಇಬ್ಬರನ್ನೂ ಒಂದೇ ಜಗಲಿಯಲ್ಲಿ ಕೂರಿಸಿದರೆ ದೊಡ್ಡ ಜಗಳವೇ ಆದೀತು.

ಗಿಡಮೂಲಿಕೆ ವಿಷಯದಲ್ಲಿ ಮಾತ್ರ ನಾನು ಕಟ್ಟುನಿಟ್ಟು. ಗಿಡದಲ್ಲಿ ಶಕ್ತಿ ಇಲ್ಲ ಅಂತಲ್ಲ. ಚೀನಾದ ಹಳೆಯ ವೈದ್ಯಗ್ರಂಥದ ಸುಳಿವು ಹಿಡಿದು ಮಲೇರಿಯಾ ಔಷಧಿ ಕಂಡುಹಿಡಿದ ಟು ಯೂಯೂ ಅವರಿಗೆ 2015ರಲ್ಲಿ ನೊಬೆಲ್ ಬಂತು. ಆದರೆ ಬೇರೆ ಚೀನೀ ಮೂಲಿಕೆ ಬೆರೆಸಿದ ತೂಕ ಇಳಿಸುವ ಮಾತ್ರೆ ನುಂಗಿ 1990ರ ದಶಕದ ಆರಂಭದಲ್ಲಿ ಬೆಲ್ಜಿಯಂನಲ್ಲಿ ಹಲವು ಹೆಂಗಸರು ಕಿಡ್ನಿ ಕಳೆದುಕೊಂಡರು. ಹಾರ್ಮೋನ್ ಇಂಜೆಕ್ಷನ್ ನಡೆಯುತ್ತಿರುವಾಗ ಡಾಕ್ಟರಿಗೆ ಹೇಳದೆ ಯಾವ ಪುಡಿಯೂ ಬೇಡ. ನಾವೂ ಕೊಡವರ ಮಳೆಗಾಲದ ತಿಂಗಳು ಕಕ್ಕಡದ ಹದಿನೆಂಟಕ್ಕೆ ಮದ್ದುಸೊಪ್ಪಿನ ಪಾಯಸ ಉಣ್ಣುವವರೇ, ಆದರೆ ಅದನ್ನು ಕ್ಯಾಪ್ಸೂಲ್ ಮಾಡಿ ವರ್ಷಪೂರ್ತಿ ನುಂಗಲ್ಲವಲ್ಲ.

ಕಾಫಿ ಬಿಡಬೇಕಾ ಅಂತ ಕೊಡಗಿನವರು ಕೇಳದೆ ಇರುತ್ತಾರೆಯೇ? ದಿನಕ್ಕೆ 200 ಮಿಲಿಗ್ರಾಂ ಕೆಫೀನ್ ಒಳಗಿರಲಿ ಅನ್ನುವುದು ಸಾಮಾನ್ಯ ಸಲಹೆ, ಹೆಚ್ಚುಕಡಿಮೆ ಎರಡು ಲೋಟ. ನಮ್ಮ ರೋಬಸ್ಟಾದಲ್ಲಿ ಅರೇಬಿಕಾದ ಸುಮಾರು ಎರಡರಷ್ಟು ಕೆಫೀನ್ ಇರುವುದರಿಂದ ಲೋಟ ಚಿಕ್ಕದಿರಲಿ. ಫೋಲಿಕ್ ಆಸಿಡ್ ಮರೆಯಬೇಡಿ. ಗಂಡಸರು ಸಿಗರೇಟ್ ಬಿಡಲಿ, ಮದುವೆ ಮನೆಯ ಮದ್ಯದ ಗ್ಲಾಸನ್ನೂ ಸ್ವಲ್ಪ ದೂರ ಇಡಲಿ. ಆರೈಕೆ ಹೆಂಡತಿಗೊಬ್ಬಳಿಗೇ ಅಲ್ಲ.

ನನಗೆ ಸಿಟ್ಟು ಬರುವುದು ಬೇರೆ ಮಾತಿಗೆ. "ಟೆನ್ಷನ್ ಮಾಡ್ಕೊಂಡ್ಳು, ಅದಕ್ಕೇ ನಿಲ್ಲಲಿಲ್ಲ." ಮೊದಲ ಸಲ ಫಲ ಕೊಡದಿದ್ದಾಗ ನಮ್ಮ ಮನೆಯಲ್ಲೂ ಇದನ್ನೇ ಅಂದರು, ಅದೂ ಅವಳ ಕಿವಿಗೆ ಬೀಳುವ ಹಾಗೆ. 14 ಅಧ್ಯಯನಗಳ, 3,583 ಮಹಿಳೆಯರ ವಿವರ ಒಟ್ಟು ಮಾಡಿ 2011ರಲ್ಲಿ ನೋಡಿದಾಗ, ಚಿಕಿತ್ಸೆಗೆ ಮೊದಲಿನ ಆತಂಕಕ್ಕೂ ಗರ್ಭ ನಿಲ್ಲುವುದಕ್ಕೂ ಸಂಬಂಧ ಕಾಣಲಿಲ್ಲ. ಅವಳು ಅತ್ತರೆ ಅಳಲಿ ಬಿಡಿ. ಧ್ಯಾನ, ಸೂಜಿ, ಬಿಸಿನೀರಿನ ಸ್ನಾನ ಎಲ್ಲವೂ ಅವಳ ಸುಖಕ್ಕೆ. ಪರೀಕ್ಷೆ ಪಾಸಾಗಲು ಮಾಡುವ ಹೋಂವರ್ಕ್ ಅಲ್ಲ.

ಊರಿನವರು ಸಹಾಯ ಮಾಡಬೇಕು ಅಂತಿದ್ದರೆ ದಾರಿ ಇದೆ. ಈ ಇಂಜೆಕ್ಷನ್‌ಗಳಲ್ಲಿ ಹಲವನ್ನು 2ರಿಂದ 8 ಡಿಗ್ರಿಯಲ್ಲಿ ಇಡಬೇಕು. ಜುಲೈ ಗಾಳಿಮಳೆಗೆ ಮರ ಬಿದ್ದು ಲೈನ್ ಹೋದರೆ ನಮ್ಮಲ್ಲಿ ಕರೆಂಟ್ ಬರುವುದು ಯಾವಾಗಲೋ. ಐಸ್ ಮೇಲೆ ನೇರ ಇಟ್ಟರೆ ಔಷಧಿ ಹೆಪ್ಪುಗಟ್ಟಿ ಕೆಡುತ್ತದೆ. ಜನರೇಟರ್ ಇರುವ ತೋಟದ ಮನೆಯವರು ನಿಮ್ಮ ಫ್ರಿಡ್ಜ್‌ನಲ್ಲಿ ಒಂದು ಡಬ್ಬಿಗೆ ಜಾಗ ಕೊಡಿ. ಒಳಗೇನಿದೆ ಅಂತ ಮಾತ್ರ ಕೇಳಬೇಡಿ.