ರೋಗಿಯ ಪಾಲುದಾರಿಕೆಗೆ ಅಂಕ ಕೊಡುವ ಮೊದಲು

ಸಕ್ಕರೆ ಕಾಯಿಲೆ ಇದೆಯೆಂದು ಗೊತ್ತಾದ ದಿನದಿಂದ ನನ್ನ ಅಮ್ಮ ಒಂದು ನೋಟ್‌ಬುಕ್ಕಿನಲ್ಲಿ ಲೆಕ್ಕ ಬರೆದಿಡುತ್ತಿದ್ದಳು. ಎಡಗಡೆ ತಾರೀಖು, ಅದರ ಪಕ್ಕದಲ್ಲಿ ಖಾಲಿ ಹೊಟ್ಟೆಯ ಸಕ್ಕರೆ, ಆಮೇಲೆ ಊಟವಾಗಿ ಎರಡು ಗಂಟೆಯ ನಂತರದ್ದು, ಕೊನೆಯಲ್ಲಿ ‘ನಿದ್ದೆ ಬರಲಿಲ್ಲ’, ‘ಮಾತ್ರೆ ತಗೊಂಡ ಮೇಲೆ ಕೈ ನಡುಗಿತು’ ಎಂಬಂಥ ಒಂದು ಸಾಲು. ತಪಾಸಣೆಗೆ ಹೋದಾಗಲೆಲ್ಲ ಅದು ಅವಳ ಚೀಲದಲ್ಲಿರುತ್ತಿತ್ತು. ಆದರೆ ವೈದ್ಯರು ಲ್ಯಾಬ್ ವರದಿ ನೋಡಿ, ಮಾತ್ರೆ ಬರೆದುಕೊಟ್ಟು, ಮುಂದಿನವರನ್ನು ಕರೆಯುವಷ್ಟರಲ್ಲಿ ಅದನ್ನು ಹೊರಗೆ ತೆಗೆಯಲು ಅವಳಿಗೆ ಸಮಯವೇ ಸಿಗುತ್ತಿರಲಿಲ್ಲ. ಕೈ ನಡುಕಕ್ಕೆ ಹೆದರಿ ಅವಳು ತಾನಾಗಿಯೇ ಮಾತ್ರೆಯನ್ನು ಅರ್ಧ ಮಾಡಿಕೊಂಡಿದ್ದಳು. ಒಂದು ದಿನ ಅವಳ ಫೈಲಿನಲ್ಲಿ ‘ರೋಗಿ ಸಹಕರಿಸುತ್ತಿಲ್ಲ’ ಎಂದು ಬರೆದಿದ್ದನ್ನು ನಾನು ಓದಿದೆ. ಕಾರಣ ಅವಳ ಚೀಲದಲ್ಲೇ ಇತ್ತು, ಯಾರೂ ಕೇಳಿರಲಿಲ್ಲ.

ರೋಗಿ ತನ್ನ ಚಿಕಿತ್ಸೆಯಲ್ಲಿ ಎಷ್ಟರ ಮಟ್ಟಿಗೆ ಪಾಲುದಾರ ಎಂಬುದನ್ನು ಅಳೆಯುವ ಪ್ರಶ್ನಾವಳಿಗಳ ಬಗ್ಗೆ ಓದುವಾಗಲೆಲ್ಲ ನನಗೆ ಫೈಲಿನ ಆ ಸಾಲು ನೆನಪಾಗುತ್ತದೆ. ಇವುಗಳಲ್ಲಿ ಹೆಚ್ಚು ಬಳಕೆಯಲ್ಲಿರುವುದು ಅಮೆರಿಕದ ಜುಡಿತ್ ಹಿಬ್ಬಾರ್ಡ್ ಮತ್ತು ಸಂಗಡಿಗರು 2004ರಲ್ಲಿ ಪ್ರಕಟಿಸಿದ ‘ಪೇಷೆಂಟ್ ಆ್ಯಕ್ಟಿವೇಶನ್ ಮೆಷರ್’. ಮೊದಲು 22 ಹೇಳಿಕೆಗಳಿದ್ದ ಅದನ್ನು ಮರುವರ್ಷ 13ಕ್ಕೆ ಇಳಿಸಿದರು. ನನ್ನ ಆರೋಗ್ಯದ ಹೊಣೆ ನನ್ನದು, ನನ್ನ ಔಷಧಗಳು ಏನು ಮಾಡುತ್ತವೆಂದು ನನಗೆ ಗೊತ್ತು ಎಂಬಂಥ ಮಾತುಗಳನ್ನು ರೋಗಿ ಎಷ್ಟು ಒಪ್ಪುತ್ತಾನೆ ಎಂಬುದರ ಮೇಲೆ 0ಯಿಂದ 100ರವರೆಗೆ ಅಂಕ ಬೀಳುತ್ತದೆ. ಆ ಅಂಕ ಅವನನ್ನು ನಾಲ್ಕು ಹಂತಗಳಲ್ಲಿ ಒಂದರಲ್ಲಿ ನಿಲ್ಲಿಸುತ್ತದೆ. ಮೊದಲ ಹಂತದಲ್ಲಿರುವವರ ಮೇಲೆ ಆಹಾರ, ವ್ಯಾಯಾಮ, ಔಷಧ ಎಲ್ಲವನ್ನೂ ಒಟ್ಟಿಗೆ ಹೇರದೆ ಒಂದು ಸಣ್ಣ ಬದಲಾವಣೆಯಿಂದ ಶುರು ಮಾಡಬೇಕು ಎಂಬ ಅದರ ಹಿಂದಿನ ಆಲೋಚನೆ ಬಹಳ ಮಾನವೀಯವಾದದ್ದು. 2016ರಲ್ಲಿ ಇಂಗ್ಲೆಂಡಿನ ರಾಷ್ಟ್ರೀಯ ಆರೋಗ್ಯ ಸೇವೆ 18 ಲಕ್ಷ ಜನರವರೆಗೆ ಇದನ್ನು ಬಳಸಲು ಪರವಾನಗಿ ಪಡೆಯಿತು.

ನನ್ನ ಆತಂಕ ಅಂಕ ಬಂದ ಮೇಲೆ ಏನಾಗುತ್ತದೆ ಎಂಬುದರ ಬಗ್ಗೆ. ಅಳತೆಗೋಲನ್ನು ರೋಗಿಯ ಕಡೆಗೆ ಮಾತ್ರ ಹಿಡಿದರೆ ಕಡಿಮೆ ಅಂಕವು ಅವನ ಸ್ವಭಾವದ ದೋಷವಾಗಿ ಕಾಣತೊಡಗುತ್ತದೆ. ದೀರ್ಘಕಾಲದ ಕಾಯಿಲೆಗಳಲ್ಲಿ, ಮುಂದುವರಿದ ದೇಶಗಳಲ್ಲಿ ಕೂಡ, ಚಿಕಿತ್ಸೆಯನ್ನು ಹೇಳಿದಂತೆ ಪಾಲಿಸುವವರು ಸರಾಸರಿ ಶೇ. 50ರಷ್ಟು ಮಾತ್ರ ಎಂದು ವಿಶ್ವ ಆರೋಗ್ಯ ಸಂಸ್ಥೆ 2003ರ ವರದಿಯಲ್ಲಿ ಹೇಳಿತು. ಈ ಅಂಕಿಯನ್ನು ಎಲ್ಲರೂ ಉಲ್ಲೇಖಿಸುತ್ತಾರೆ. ಆದರೆ ಅದೇ ವರದಿ ಇದಕ್ಕೆ ಐದು ಬಗೆಯ ಕಾರಣಗಳನ್ನು ಗುರುತಿಸಿತ್ತು: ಸಾಮಾಜಿಕ ಮತ್ತು ಆರ್ಥಿಕ ಸ್ಥಿತಿ, ಆರೋಗ್ಯ ವ್ಯವಸ್ಥೆ, ಕಾಯಿಲೆಯ ಸ್ವರೂಪ, ಚಿಕಿತ್ಸೆಯ ಸ್ವರೂಪ ಮತ್ತು ರೋಗಿ. ಅಂದರೆ ರೋಗಿ ಐದರಲ್ಲಿ ಒಬ್ಬ. ಉಳಿದ ನಾಲ್ಕನ್ನು ಅಳೆಯದೆ ಇವನೊಬ್ಬನ ಅಂಕಪಟ್ಟಿ ಬರೆಯುವುದು ಅನ್ಯಾಯವೆಂದೇ ನಾನು ಭಾವಿಸುತ್ತೇನೆ.

ನನಗೆ ಹೆಚ್ಚು ಸರಿಯೆನಿಸಿದ್ದು ಆಸ್ಟ್ರೇಲಿಯಾದ ಫ್ಲಿಂಡರ್ಸ್ ವಿಶ್ವವಿದ್ಯಾಲಯದ ಕ್ರಮ. ಅಲ್ಲಿನ ‘ಪಾರ್ಟ್ನರ್ಸ್ ಇನ್ ಹೆಲ್ತ್’ ಪ್ರಶ್ನಾವಳಿಯಲ್ಲಿ 12 ಪ್ರಶ್ನೆಗಳಿವೆ. ರೋಗಿ ಪ್ರತಿಯೊಂದಕ್ಕೂ ತನಗೆ ತಾನೇ 0ಯಿಂದ 8ರವರೆಗೆ ಅಂಕ ಹಾಕಿಕೊಳ್ಳುತ್ತಾನೆ. ಆಮೇಲೆ ಆರೋಗ್ಯ ಕಾರ್ಯಕರ್ತರು ಅವೇ ವಿಷಯಗಳ ಮೇಲೆ ಅವನೊಡನೆ ಮಾತಾಡಿ ತಮ್ಮ ಅಂಕವನ್ನೂ ಹಾಕುತ್ತಾರೆ, ಮತ್ತು ಎರಡೂ ಎಲ್ಲಿ ಹೊಂದುವುದಿಲ್ಲವೋ ಅಲ್ಲಿಂದ ಚರ್ಚೆ ಶುರುವಾಗುತ್ತದೆ. ಈ ಪ್ರಶ್ನಾವಳಿ ನಮ್ಮಲ್ಲಿ ಇದ್ದಿದ್ದರೆ ಔಷಧದ ವಿಷಯದಲ್ಲಿ ಅಮ್ಮ ತನಗೆ ಏಳು ಕೊಟ್ಟುಕೊಳ್ಳುತ್ತಿದ್ದಳು, ವೈದ್ಯರು ಎರಡು ಕೊಡುತ್ತಿದ್ದರು. ಆ ಐದು ಅಂಕದ ಅಂತರದಲ್ಲಿಯೇ ಅವಳ ಕೈ ನಡುಕ ಅಡಗಿರುತ್ತಿತ್ತು.

ಕೊನೆಗೆ ಬೇರೊಬ್ಬ ವೈದ್ಯರು ನೋಟ್‌ಬುಕ್ ಕೇಳಿ ತೆಗೆಸಿಕೊಂಡರು. ಪುಟ ತಿರುವಿ, ಒಂದು ಸಾಲಿನ ಮೇಲೆ ಬೆರಳಿಟ್ಟು, “ಅಮ್ಮ, ಈ ನಡುಕ ಎಷ್ಟು ಹೊತ್ತಿಗೆ ಬರುತ್ತದೆ?” ಎಂದು ಕೇಳಿದರು. “ಮಧ್ಯಾಹ್ನ ಊಟಕ್ಕೆ ಸ್ವಲ್ಪ ಮುಂಚೆ, ಡಾಕ್ಟ್ರೇ” ಎಂದಳು. ಸಕ್ಕರೆ ತೀರಾ ಇಳಿಯುತ್ತಿದೆ ಎಂದು ವಿವರಿಸಿ ಮಾತ್ರೆಯನ್ನೇ ಬದಲಿಸಿದರು. ಅವಳು ಮತ್ತೆಂದೂ ಮಾತ್ರೆ ಅರ್ಧ ಮಾಡಲಿಲ್ಲ.

ವೈದ್ಯರ ಈ ನಡವಳಿಕೆಯನ್ನೂ ಅಳೆಯಬಹುದು. 2013ರಲ್ಲಿ ಪ್ರಕಟವಾದ ‘ಕೊಲಾಬೊರೇಟ್’ ಎಂಬ ಅಳತೆಯಲ್ಲಿ ರೋಗಿಗೆ ಕೇಳುವುದು ಮೂರೇ ಪ್ರಶ್ನೆ: ನಿಮ್ಮ ತೊಂದರೆ ನಿಮಗೆ ಅರ್ಥವಾಗಲು ಎಷ್ಟು ಪ್ರಯತ್ನ ಮಾಡಿದರು, ನಿಮಗೆ ಮುಖ್ಯವಾದದ್ದನ್ನು ಎಷ್ಟು ಕೇಳಿಸಿಕೊಂಡರು, ಮುಂದಿನ ನಿರ್ಧಾರದಲ್ಲಿ ಅದನ್ನು ಎಷ್ಟು ಸೇರಿಸಿಕೊಂಡರು. ರೋಗಿಯ ಅಂಕ ಇರುವ ಹಾಳೆಯಲ್ಲೇ ಈ ಅಂಕವೂ ಇರಬೇಕೆಂಬುದು ನನ್ನ ಒತ್ತಾಯ. ಮತ್ತು ಇವೆರಡರಲ್ಲಿ ಯಾವುದೂ ವಿಮೆಯ ಕಂತಿನ ಲೆಕ್ಕಕ್ಕೆ ಹೋಗಬಾರದು. ಅಂಕ ಹಣಕ್ಕೆ ತಗುಲಿಕೊಂಡ ಕ್ಷಣವೇ ರೋಗಿ ನಿಜವನ್ನು ಬಿಟ್ಟು ಅನುಕೂಲದ ಉತ್ತರ ಕೊಡಲು ಕಲಿಯುತ್ತಾನೆ.

ಇನ್ನೊಂದು ಮಾತು. ‘ನೀವೇ ತೀರ್ಮಾನಿಸಿ ಡಾಕ್ಟ್ರೇ’ ಎನ್ನುವ ರೋಗಿಗಳು ಬಹಳ ಮಂದಿ ಇದ್ದಾರೆ, ನೋವು ಹೆಚ್ಚಾದ ದಿನಗಳಲ್ಲಿ ಅಮ್ಮನೂ ಹಾಗೆ ಹೇಳಿದ್ದುಂಟು. ಎಲ್ಲವನ್ನೂ ತಿಳಿದುಕೊಂಡ ಮೇಲೆ ನಂಬಿಕೆಯಿಂದ ಆಡಿದ ಮಾತಾದರೆ ಅದೂ ಪಾಲುದಾರಿಕೆಯೇ, ಕೇಳಲು ಹೆದರಿ ಆಡಿದ್ದಾದರೆ ಅಲ್ಲ. ಒಂದೇ ವಾಕ್ಯದ ಈ ಎರಡು ಅರ್ಥಗಳನ್ನು ಬೇರ್ಪಡಿಸಲು ಪ್ರಶ್ನಾವಳಿಯ ಜೊತೆಗೆ ಒಬ್ಬರು ಎದುರಿಗೆ ಕೂತು ಇನ್ನೂ ಐದು ನಿಮಿಷ ಮಾತಾಡಬೇಕಾಗುತ್ತದೆ.